ಅಪ್ಪ ಹೋದ ಮೇಲೆ ಮನೆಯಲ್ಲಿ ತಾತ, ನಾನು ಇಬ್ಬರೇ. ಇಬ್ಬರೂ ಕದ್ದು ಅಳುತ್ತಿದ್ದೇವೆ

ನೀಲಿ ಶಾಯಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ. ಅಪ್ಪ ಹೃದಯಾಘಾತವಾಗಿ ಹೋಗಿ ಕೆಲವು ತಿಂಗಳಾಯಿತು. ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಈಗ ಮನೆಯಲ್ಲಿ ಉಳಿದಿರುವುದು ನಾನು ಮತ್ತು ತಾತ, ಅಂದರೆ ಅಪ್ಪನ ಅಪ್ಪ. ಅವರಿಗೆ 79.

ತಾತನದು ಮೊದಲಿಂದಲೂ ಮಾತು ಕಡಿಮೆ. ಮನೆಯಲ್ಲಿ ಮಾತೆಲ್ಲ ಅಪ್ಪನದೇ. ನಾನು, ತಾತ ಮಾತಾಡುತ್ತಿದ್ದದ್ದೂ ಅಪ್ಪನ ಮೂಲಕವೇ. 'ತಾತನಿಗೆ ಕನ್ನಡಕ ಕೊಡು', 'ತಾತ ಏನೋ ಕೇಳ್ತಿದ್ದಾರೆ ನೋಡು' ಎಂದು ಅಪ್ಪ ಹೇಳಬೇಕು, ನಾನು ಮಾಡಬೇಕು. ನಡುವೆ ಇದ್ದವರೇ ಈಗ ಇಲ್ಲ.

ರಾತ್ರಿ ಅವರ ಕೋಣೆಯಿಂದ ಅಳುವ ಸದ್ದು ಬರುತ್ತದೆ. ನಾನು ಹಾಲ್‌ನಲ್ಲಿ ಲೈಟ್ ಹಾಕಿದರೆ ನಿಂತುಹೋಗುತ್ತದೆ. ನಾನು ಅಳುವುದು ಸ್ನಾನದ ಮನೆಯಲ್ಲಿ, ನಲ್ಲಿ ಬಿಟ್ಟುಕೊಂಡು. ಬೆಳಿಗ್ಗೆ ಇಬ್ಬರೂ ಮುಖ ತೊಳೆದುಕೊಂಡು ಎದುರುಬದುರು ಕೂರುತ್ತೇವೆ. 'ನಿದ್ದೆ ಬಂತಾ?' 'ಬಂತು.' ಅಷ್ಟೇ.

ಬಂದವರೆಲ್ಲ ನನಗೆ 'ನೀನು ಗಟ್ಟಿಯಾಗಿರಬೇಕಮ್ಮಾ, ಇನ್ನು ತಾತನಿಗೆ ನೀನೇ' ಅನ್ನುತ್ತಾರೆ. ತಾತನಿಗೆ 'ಮೊಮ್ಮಗಳ ಮುಖ ನೋಡಿಯಾದರೂ ಸುಧಾರಿಸ್ಕೊಳ್ಳಿ' ಅನ್ನುತ್ತಾರೆ. ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು ಗಟ್ಟಿಯಾಗಿರುವ ಹಾಗೆ ನಡೆದುಕೊಳ್ಳುತ್ತಿದ್ದೇವೆ. ಒಂದೇ ಸೂರಿನಡಿ ಇದ್ದೂ ಇಷ್ಟು ಒಂಟಿತನ ಇರಬಹುದು ಎಂದು ನನಗೆ ಗೊತ್ತಿರಲಿಲ್ಲ.

ಅವರೆದುರು ಅತ್ತರೆ ಅವರಿಗೆ ಜಾಸ್ತಿ ನೋವಾಗುತ್ತದಾ? ಅಪ್ಪನ ಹೆಸರು ಎತ್ತಬೇಕಾ, ಬೇಡವಾ? ಹೀಗೆ ಬದುಕಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ದಾರಿಹೋಕ

ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಅಮ್ಮ ಹೋದ ಮೇಲೆ ನಾನೂ ಅವರ ಅಪ್ಪನ ಜೊತೆ ಕೆಲವು ವರ್ಷ ಇದ್ದವನು.

ನನಗೆ ಗೊತ್ತಿರುವುದು ಒಂದೇ. ಎದುರು ಕೂತು 'ಹೇಗಿದೆ ತಾತ ಮನಸ್ಸು' ಎಂದು ಕೇಳಬೇಡಿ. ಹಾಗೆ ಕೇಳಿದರೆ ನಮ್ಮಜ್ಜ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಆದರೆ ಒಂದು ಸಂಜೆ ಇಬ್ಬರೂ ಸೇರಿ ಕಪಾಟಿನ ಬಾಗಿಲು ಸರಿ ಮಾಡುತ್ತಿದ್ದೆವು. ಕೈಯಲ್ಲಿ ಸ್ಕ್ರೂ ಹಿಡಿದುಕೊಂಡೇ 'ಈ ಬಾಗಿಲು ಕಿರ್ ಅಂದ್ರೆ ನಿಮ್ಮಮ್ಮ ಹೆದರಿ ಓಡೋಳು' ಅಂದರು. ಅಮ್ಮ ಹೋದ ಮೇಲೆ ಅವರ ಬಾಯಲ್ಲಿ ಆಕೆಯ ಮಾತು ಬಂದದ್ದು ಅದೇ ಮೊದಲು. ನಾನು ತಲೆ ಎತ್ತಲಿಲ್ಲ. 'ಆಮೇಲೆ?' ಅಂದೆ. ಹೇಳುತ್ತಾ ಹೋದರು.

ಕೈಗೆ ಕೆಲಸ ಇದ್ದು, ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲದಿದ್ದರೆ ಕೆಲವರಿಗೆ ಮಾತು ತಾನಾಗಿ ಬರುತ್ತದೆ. ಪಕ್ಕಪಕ್ಕ ನಡೆಯುವಾಗಲೂ ಹಾಗೇ.

ಮುಂಗಾರು

ದುಃಖಕ್ಕೆ ಐದು ಹಂತ ಅಂತಾರಲ್ಲ. ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಕೊನೆಗೆ ಒಪ್ಪಿಕೊಳ್ಳುವುದು. ನಿಮ್ಮ ತಾತ ಇನ್ನೂ ಮೊದಲನೆಯದರಲ್ಲೇ ಇರಬಹುದು. ಸಮಯ ಕೊಡಿ, ಒಂದೊಂದೇ ದಾಟುತ್ತಾರೆ.

ಹೊಸ್ತಿಲು

ನಾನು ಆಪ್ತಸಮಾಲೋಚಕಿ. ಹತ್ತಿರದವರನ್ನು ಕಳೆದುಕೊಂಡ ಕುಟುಂಬಗಳ ಜೊತೆಯೇ ನನ್ನ ಕೆಲಸ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಮುಂಗಾರು ಅವರ ಮಾತು. ಐದು ಹಂತಗಳನ್ನು ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ವಿವರಿಸಿದರು. ಅವರು ಮಾತಾಡಿಸಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು, ಹಿಂದೆ ಉಳಿದ ಮನೆಯವರನ್ನಲ್ಲ. ಆಮೇಲೆ ಅದು ಎಲ್ಲ ದುಃಖಕ್ಕೂ ವೇಳಾಪಟ್ಟಿಯ ಹಾಗೆ ಬಳಕೆಗೆ ಬಂತು. ತಾತ ಯಾವ ಹಂತದಲ್ಲಿದ್ದಾರೆ ಎಂದು ಅಳೆಯಲು ಹೋಗಬೇಡಿ. ಅವರಿಗೂ ಕಷ್ಟ, ನಿಮಗೂ ಕಷ್ಟ.

ನನ್ನ ಕೆಲಸದಲ್ಲಿ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟ ವಿಚಾರ. ದುಃಖದಲ್ಲಿರುವವರು ಎರಡು ಕಡೆ ಓಡಾಡುತ್ತಿರುತ್ತಾರೆ. ಒಂದು ಕಡೆ ಹೋದವರ ನೆನಪು, ಅಳು, ಹಂಬಲ. ಇನ್ನೊಂದು ಕಡೆ ಬಿಲ್ ಕಟ್ಟುವುದು, ಕೆಲಸಕ್ಕೆ ಹೋಗುವುದು, ಹೊಸ ಜವಾಬ್ದಾರಿ ಕಲಿಯುವುದು, ನಡುವೆ ಒಂಚೂರು ನಗುವುದು. ಒಂದೇ ದಿನದಲ್ಲಿ ಎಷ್ಟೋ ಸಲ ಆ ಕಡೆ ಈ ಕಡೆ ಹೋಗುತ್ತಾರೆ. ಎರಡೂ ಬೇಕು. ಇಬ್ಬರಿರುವ ಮನೆಯಲ್ಲಿ ತೊಡಕಾಗುವುದು ಇಲ್ಲೇ. ನೀವು ಫೋಟೋ ನೋಡಿ ಅಳುವ ಹೊತ್ತಿಗೆ ತಾತ ಕಿಟಕಿ ಒರೆಸುತ್ತಿರಬಹುದು. ಅವರಿಗೆ ನೋವೇ ಇಲ್ಲವೇನೋ ಎಂದು ನಿಮಗೆ ಅನ್ನಿಸುತ್ತದೆ. ಅವರು ಒಡೆದುಹೋಗುವ ಹೊತ್ತಿಗೆ ನೀವು ಸ್ನೇಹಿತೆಯ ಜೊತೆ ಫೋನ್‌ನಲ್ಲಿ ನಗುತ್ತಿರಬಹುದು. ಇಬ್ಬರ ಹೊತ್ತೂ ಕೂಡಿ ಬರುವುದಿಲ್ಲ. ಅದನ್ನು ಪ್ರೀತಿ ಕಡಿಮೆ ಎಂದು ಓದಿಕೊಳ್ಳಬೇಡಿ.

ಇನ್ನು ಅಳು ಬಚ್ಚಿಡುವ ವಿಷಯ. ಮಗುವನ್ನು ಕಳೆದುಕೊಂಡ 219 ದಂಪತಿಗಳ ಮೇಲೆ ನೆದರ್ಲ್ಯಾಂಡ್ಸ್‌ನಲ್ಲಿ ಒಂದು ಅಧ್ಯಯನ ನಡೆದಿತ್ತು, ಪ್ರಕಟವಾದದ್ದು 2013ರಲ್ಲಿ. ಸಂಗಾತಿಗೆ ನೋವಾಗಬಾರದೆಂದು ತಮ್ಮ ದುಃಖವನ್ನು ಅದುಮಿಟ್ಟುಕೊಂಡವರಲ್ಲಿ ಆಮೇಲೆ ದುಃಖ ಹೆಚ್ಚೇ ಕಂಡಿತು. ಅವರಲ್ಲಿ ಮಾತ್ರ ಅಲ್ಲ, ಅವರು ಯಾರನ್ನು ಕಾಪಾಡಲು ಹಾಗೆ ಮಾಡಿದರೋ ಆ ಸಂಗಾತಿಯಲ್ಲೂ. ಅದು ಗಂಡ ಹೆಂಡತಿಯರ ಅಧ್ಯಯನ, ತಾತ ಮೊಮ್ಮಗಳದಲ್ಲ. ಆದರೂ ನಾನು ನೋಡಿದ ಎಷ್ಟೋ ಮನೆಗಳಲ್ಲಿ ನಡೆದದ್ದು ಇದೇ.

ಹಾಗಂತ ಇವತ್ತೇ ಅವರೆದುರು ಕೂತು ಅಳಿ ಎನ್ನುತ್ತಿಲ್ಲ. ಕಣ್ಣೀರು ಬಂದಾಗ ಎದ್ದು ಹೋಗಬೇಡಿ. ಅಷ್ಟು ಸಾಕು.

ಹಿರಿಯಕ್ಕ

ಮಗು, ನಾನು ನಿನ್ನ ತಾತನ ಕಡೆಯಿಂದ ಬರೆಯುತ್ತಿದ್ದೇನೆ. ನನಗೆ 71. ಮಗಳನ್ನು ಕಳೆದುಕೊಂಡವಳು. ಮೊಮ್ಮಗ ನನ್ನ ಜೊತೆ ಇದ್ದಾನೆ. ಟೈಪ್ ಮಾಡಲು ಕಲಿಸಿದ್ದೂ ಅವನೇ.

ನಿನಗೆ ಹೋಗಿದ್ದು ಅಪ್ಪ. ನಿನ್ನ ತಾತನಿಗೆ ಹೋಗಿದ್ದು ಮಗ. ವ್ಯಕ್ತಿ ಒಬ್ಬನೇ, ನೋವು ಎರಡು ಬಗೆಯದು. ಮಕ್ಕಳು ಮೊದಲು ಹೋದರೆ ನಮ್ಮ ವಯಸ್ಸಿನವರಿಗೆ ಉಸಿರಾಡುವುದಕ್ಕೂ ನಾಚಿಕೆಯಾಗುತ್ತದೆ. 'ನಾನ್ಯಾಕೆ ಇನ್ನೂ ಇದ್ದೀನಿ' ಎಂದು ಅನ್ನಿಸದ ದಿನವಿಲ್ಲ. ಅದನ್ನು ನಿನ್ನೆದುರು ಹೇಗೆ ಹೇಳುತ್ತಾರೆ? ಅಪ್ಪನಿಲ್ಲದ ಹುಡುಗಿಗೆ 'ನಿಮ್ಮಪ್ಪನ ಬದಲು ನಾನು ಹೋಗಬೇಕಿತ್ತು' ಅಂದರೆ ನೀನು ಏನು ಮಾಡುತ್ತೀಯ? ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದಾರೆ. ನಿನ್ನ ಮೇಲೆ ಪ್ರೀತಿ ಇಲ್ಲದೆ ಅಲ್ಲ.

ಅದರ ಮೇಲೆ ನಿನ್ನ ನೋವು ನೋಡುವುದು ಬೇರೆ. ತನ್ನದನ್ನು ಹೇಗೋ ಹೊರಬಹುದು. ಮೊಮ್ಮಗಳು ನಲ್ಲಿ ಬಿಟ್ಟುಕೊಂಡು ಅಳುವುದನ್ನು ಹೊರುವುದು ಕಷ್ಟ.

ಮಗನ ಹೆಸರು ಎತ್ತು. ಎತ್ತಿದರೆ ನೆನಪಾಗಿ ನೋಯುತ್ತಾರೆ ಎಂದು ಜನ ಅಂದುಕೊಳ್ಳುತ್ತಾರೆ. ನೆನಪಾಗಲು ನಾವು ಮರೆತಿದ್ದರೆ ತಾನೆ? ನನ್ನ ಮಗಳ ಹೆಸರನ್ನು ಯಾರೂ ಹೇಳದೆ ವಾರಗಟ್ಟಲೆ ಕಳೆದಾಗ ಅವಳು ಇನ್ನೊಂದು ಸಲ ಹೋದಳೇನೋ ಅನ್ನಿಸುತ್ತಿತ್ತು. ಮೊಮ್ಮಗ ಒಂದು ದಿನ 'ಅಜ್ಜಿ, ಅಮ್ಮ ಸ್ಕೂಲಲ್ಲಿ ಹೇಗಿದ್ರು?' ಎಂದು ಕೇಳಿದ. ಆ ಹುಡುಗನಿಗೆ ಗೊತ್ತಿಲ್ಲದ ಅವನಮ್ಮ ನನ್ನ ಹತ್ತಿರ ಇದ್ದಳು. ನನಗೆ ಗೊತ್ತಿಲ್ಲದ ನನ್ನ ಮಗಳು ಅವನ ಹತ್ತಿರ ಇದ್ದಳು. ಅವತ್ತಿಂದ ನಾವು ಒಬ್ಬರಿಗೊಬ್ಬರು ಕೊಡುತ್ತಿದ್ದೇವೆ.

ನಿನ್ನ ತಾತನ ಹತ್ತಿರ ನಿನ್ನಪ್ಪನ ಬಾಲ್ಯವೆಲ್ಲ ಇದೆ. ಕೇಳು.

ಹೊಸ್ತಿಲು

ಹಿರಿಯಕ್ಕನವರ ಮಾತಿಗೆ ಒಂದು ಸೇರಿಸುತ್ತೇನೆ. ಹೋದವರನ್ನು ಮರೆತು ಮುಂದೆ ಸಾಗಬೇಕು ಎಂಬ ಸಲಹೆ ಬಹಳ ಕಾಲ ಚಾಲ್ತಿಯಲ್ಲಿತ್ತು. 1996ರಲ್ಲಿ ಡೆನ್ನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್, ಸ್ಟೀವನ್ ನಿಕ್‌ಮನ್ ಬೇರೆ ಮಾತು ಹೇಳಿದರು. ಹೋದವರ ಜೊತೆಗಿನ ನಂಟು ಕಡಿಯಬೇಕಿಲ್ಲ, ಅದು ರೂಪ ಬದಲಿಸಿಕೊಂಡು ಉಳಿಯಬಹುದು ಎಂದು. ಅಪ್ಪನ ಬಗ್ಗೆ ಮಾತಾಡುವ ಇಬ್ಬರು ಮನೆಯಲ್ಲೇ ಇರುವುದು ದೊಡ್ಡ ವಿಷಯ.

ವಯಸ್ಸಾದವರು ಹಳೆಯದನ್ನೇ ಮತ್ತೆ ಮತ್ತೆ ಹೇಳಿದರೆ ತಡೆಯಬೇಡಿ. ಬದುಕನ್ನು ಹಿಂತಿರುಗಿ ನೋಡುವುದು ಇಳಿವಯಸ್ಸಿನ ಸಹಜ ಕೆಲಸ ಎಂದು ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದಿದ್ದರು. ಅದಕ್ಕೂ ಮೊದಲು ಅದನ್ನು ಬರೀ ಅರಳುಮರಳು ಎಂದು ತಳ್ಳಿಹಾಕುವುದೇ ಹೆಚ್ಚಾಗಿತ್ತು.

ಎರಡನೇ ದಿಕ್ಕು

ಎಲ್ಲರೂ ತಾತನ ಬಗ್ಗೆಯೇ ಬರೆಯುತ್ತಿದ್ದೀರಿ. ಈ ಹುಡುಗಿಗೆ 24. ಅವಳ ಸ್ನೇಹಿತರು? ಅವಳ ಕೆಲಸ? ಅಕ್ಕ ತನ್ನ ಇಪ್ಪತ್ತರ ಹರೆಯವನ್ನೆಲ್ಲ ಅಜ್ಜಿಯ ಮಂಚದ ಪಕ್ಕ ಕಳೆದದ್ದನ್ನು ನಾನು ನೋಡಿದ್ದೇನೆ. ಅಜ್ಜಿ ಹೋದ ಮೇಲೆ ಅವಳಿಗೆ ಫೋನ್ ಮಾಡಲು ಒಬ್ಬರೂ ಇರಲಿಲ್ಲ. ಅವಳನ್ನು ಎಲ್ಲರೂ ಹೊಗಳಿದರು. ಯಾರೂ ಒಂದು ಸಂಜೆ ಅವಳ ಬದಲು ಕೂರಲಿಲ್ಲ.

ನೀಲಿ ಶಾಯಿ, ನೀವು ತಾತನಿಗೆ ಜೊತೆಯಾಗಿ. ಆದರೆ ಅವರಿಗೆ ನೀವೊಬ್ಬರೇ, ನಿಮಗೆ ಅವರೊಬ್ಬರೇ ಆಗಬೇಡಿ.

ಹಿರಿಯಕ್ಕ

ಇದು ನಿಜ. ನನಗೆ ಮೊಮ್ಮಗ ಸಂಜೆ ಸ್ನೇಹಿತರ ಜೊತೆ ಹೊರಟರೆ ಎದೆ ಹಗುರಾಗುತ್ತದೆ. ನಮಗಾಗಿ ಮಕ್ಕಳು ಮನೆಯಲ್ಲಿ ಕೊಳೆಯುವುದನ್ನು ನೋಡುವುದು ಸುಖವಲ್ಲ.

ಸಂಜೆಮಲ್ಲಿಗೆ

ನಮ್ಮ ಮನೆಯ ಕಥೆ ಸ್ವಲ್ಪ ಬೇರೆ. ಅಜ್ಜಿಗೆ ಮರೆವಿನ ಕಾಯಿಲೆ ಇದೆ. ಚಿಕ್ಕಪ್ಪ ಹೋಗಿದ್ದು ಅವರಿಗೆ ನೆನಪಿಲ್ಲ. ದಿನಕ್ಕೆ ಎಷ್ಟೋ ಸಲ 'ಅವನು ಯಾವಾಗ ಬರ್ತಾನೆ' ಎಂದು ಕೇಳುತ್ತಾರೆ. ಮನೆಯವರು ಪ್ರತಿ ಸಲ ಸತ್ಯ ಹೇಳುತ್ತಿದ್ದರು. ಪ್ರತಿ ಸಲವೂ ಅಜ್ಜಿಗೆ ಅದು ಹೊಸ ಸುದ್ದಿ, ಮೊದಲ ಸಲ ಕೇಳಿದ ಹಾಗೇ ಅಳು. ನೋಡಲು ಆಗುತ್ತಿರಲಿಲ್ಲ.

ಒಬ್ಬ ನರ್ಸ್ ನಮಗೆ ದಾರಿ ತೋರಿಸಿದರು. ಪ್ರಶ್ನೆಗೆ ಉತ್ತರ ಕೊಡುವ ಬದಲು ಪ್ರಶ್ನೆಯ ಹಿಂದಿರುವ ಹಂಬಲಕ್ಕೆ ಉತ್ತರ ಕೊಡಿ ಎಂದರು. ಈಗ ನಾನು 'ಚಿಕ್ಕಪ್ಪನ ನೆನಪಾಯ್ತಾ ಅಜ್ಜಿ? ಅವರ ಬಗ್ಗೆ ಏನಾದ್ರೂ ಹೇಳು' ಅನ್ನುತ್ತೇನೆ. ಅವರು ಹೇಳುತ್ತಾರೆ. ಅದೇ ನೆಪದಲ್ಲಿ ನನಗೂ ಚಿಕ್ಕಪ್ಪ ಸಿಗುತ್ತಾರೆ. ನನ್ನ ದುಃಖಕ್ಕೆ ಜೊತೆ ಕೊಟ್ಟವರು, ಆ ದುಃಖದ ಅರಿವೇ ಇಲ್ಲದ ನಮ್ಮಜ್ಜಿ.

ಮರೆವು ಇರುವ ಹಿರಿಯರು ಮನೆಯಲ್ಲಿದ್ದರೆ ಇದನ್ನು ಗಮನಿಸಿ ಎಂದು ಬರೆದೆ.

ದಾರಿಹೋಕ

ಇನ್ನೊಂದು. ತಾತನಿಗೆ ಕಿವಿ ಹೇಗಿದೆ? ವಯಸ್ಸಾದಂತೆ ಮೊದಲು ಕೇಳಿಸದಂತಾಗುವುದು ಸಣ್ಣ, ತೆಳು ದನಿಗಳು. ಗಡಸು ದನಿ ಕೇಳಿಸುತ್ತದೆ. ಎಷ್ಟೋ ಹಿರಿಯರು ಕೇಳಿಸದಿದ್ದರೂ ಹೇಳಿಕೊಳ್ಳುವುದಿಲ್ಲ, ಸುಮ್ನೆ ತಲೆಯಾಡಿಸುತ್ತಾರೆ. ನಮ್ಮಜ್ಜನ ಮೌನದಲ್ಲಿ ಅರ್ಧ ಇದೇ ಆಗಿತ್ತು.

ನೀಲಿ ಶಾಯಿ

ಇಷ್ಟು ದಿನ ಓದುತ್ತಲೇ ಇದ್ದೆ, ಬರೆಯಲು ಆಗಿರಲಿಲ್ಲ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ದಾರಿಹೋಕ ಅವರೇ, ನಿಮ್ಮ ಕಿವಿಯ ಮಾತು ಓದಿ ಬೆಚ್ಚಿಬಿದ್ದೆ. ನನ್ನ ದನಿ ತೆಳು, ಅದೂ ಮೆಲ್ಲಗೆ ಮಾತಾಡುತ್ತೇನೆ. ಅಪ್ಪನ ದನಿ ಬೀದಿಗೆಲ್ಲ ಕೇಳುವಂಥದ್ದು. ಕಿವಿ ಪರೀಕ್ಷೆ ಮಾಡಿಸಿದೆವು. ಎರಡೂ ಕಿವಿಯಲ್ಲಿ ತೊಂದರೆ ಇದೆ, ಎಡಗಿವಿಯಲ್ಲಿ ಜಾಸ್ತಿ. ಅಂದರೆ ತಾತನಿಗೆ ಮನೆಯಲ್ಲಿ ಸರಿಯಾಗಿ ಕೇಳಿಸುತ್ತಿದ್ದದ್ದು ಅಪ್ಪನ ದನಿ ಒಂದೇ. ಅದು ನಿಂತ ಮೇಲೆ ಅವರಿಗೆ ಮನೆ ಎಷ್ಟು ನಿಶ್ಶಬ್ದವಾಗಿರಬೇಕು. ಈಗ ಅವರ ಬಲಗಡೆ ಕೂರುತ್ತೇನೆ. ಮುಖದ ಮೇಲೆ ಬೆಳಕು ಬೀಳುವ ಹಾಗೆ ಕೂತು, ಕಿರುಚದೆ, ನಿಧಾನವಾಗಿ ಬಿಡಿಸಿ ಮಾತಾಡುತ್ತೇನೆ. ಶ್ರವಣಯಂತ್ರಕ್ಕೂ ಅಳತೆ ಕೊಟ್ಟು ಬಂದಿದ್ದೇವೆ.

ಇನ್ನೊಂದು ನಡೆಯಿತು. ಅಪ್ಪನ ಖಾತೆಗಳನ್ನು ಮುಚ್ಚುವ ಕಾಗದಪತ್ರ ಹಾಗೇ ಬಿದ್ದಿದ್ದವು. ನನಗೆ ಅದನ್ನು ಮುಟ್ಟಲೂ ಆಗುತ್ತಿರಲಿಲ್ಲ. ತಾತ ಮೊದಲು ಲೆಕ್ಕಪತ್ರ ವಿಭಾಗದಲ್ಲಿದ್ದವರು. 'ತಾತ, ಇದು ನನಗೆ ಅರ್ಥ ಆಗ್ತಿಲ್ಲ, ಜೊತೆಗೆ ಕೂರ್ತೀರಾ?' ಎಂದೆ. ಕನ್ನಡಕ ಹಾಕಿಕೊಂಡು ಬಂದರು. ಒಂದೊಂದೇ ಸಾಲು ಓದಿದರು. ಪೆನ್ ಬಿಗಿಯಾಗಿ ಹಿಡಿದುಕೊಂಡಿದ್ದರು. ಒಂದು ಕಡೆ 'ಮೃತರೊಂದಿಗೆ ಸಂಬಂಧ' ಎಂದಿತ್ತು. ನಾನು 'ಮಗಳು' ಎಂದು ಬರೆದೆ. ಅವರು ತಮ್ಮ ಹಾಳೆಯಲ್ಲಿ 'ತಂದೆ' ಎಂದು ಬರೆದು ಪೆನ್ ಕೆಳಗಿಟ್ಟರು.

ಇಬ್ಬರೂ ಅತ್ತೆವು. ನಾನು ಎದ್ದು ಹೋಗಲಿಲ್ಲ. ಅವರೂ ಹೋಗಲಿಲ್ಲ. ಆಮೇಲೆ 'ನೀನು ನಲ್ಲಿ ಬಿಟ್ಕೊಂಡು ಅಳೋದು ಗೊತ್ತು. ಕೇಳಿಸಲ್ಲ, ಆದ್ರೆ ಕಣ್ಣು ಕಾಣುತ್ತಲ್ವಾ' ಅಂದರು. ಹಿರಿಯಕ್ಕ, ನೀವು ಬರೆದ ಆ ಮಾತನ್ನೂ ಹೇಳಿದರು, ಅಪ್ಪನ ಬದಲು ತಾವು ಹೋಗಬೇಕಿತ್ತು ಎಂದು. ನೀವು ಮೊದಲೇ ಹೇಳಿದ್ದರಿಂದ ನಾನು 'ಹಾಗೆಲ್ಲ ಹೇಳಬೇಡಿ' ಎಂದು ಬಾಯಿ ಮುಚ್ಚಿಸಲಿಲ್ಲ. ಕೈ ಹಿಡಿದುಕೊಂಡು ಕೇಳಿಸಿಕೊಂಡೆ.

ಉಳಿದ ಕಾಗದಗಳನ್ನು ನಾವು ಬೇಕೆಂದೇ ನಿಧಾನವಾಗಿ ಮಾಡುತ್ತಿದ್ದೇವೆ.

ಹಿರಿಯಕ್ಕ

ಚೆನ್ನಾಗಿ ಮಾಡಿದೆ ಮಗು. ಆ ಮಾತು ಒಮ್ಮೆ ಹೊರಗೆ ಬಂದರೆ ಅರ್ಧ ಭಾರ ಇಳಿಯುತ್ತದೆ.

ಹೊಸ್ತಿಲು

ಕಾಗದದ ಕೆಲಸವನ್ನು ನೀವೇ ಕಂಡುಕೊಂಡಿರಿ. ದುಃಖವನ್ನು ಮಾತಿನಲ್ಲಿ, ಕಣ್ಣೀರಿನಲ್ಲಿ ಹೊರಹಾಕುವವರು ಇರುತ್ತಾರೆ. ಕೆಲಸದಲ್ಲಿ, ಲೆಕ್ಕದಲ್ಲಿ, ಯೋಚನೆಯಲ್ಲಿ ಹೊರಹಾಕುವವರೂ ಇರುತ್ತಾರೆ. ಎರಡೂ ದುಃಖವೇ. ಹೆಚ್ಚಿನವರಲ್ಲಿ ಎರಡೂ ಬೆರೆತಿರುತ್ತವೆ.

ಎಚ್ಚರವಿರಬೇಕಾದ ವಿಷಯವನ್ನೂ ಬರೆಯಲೇಬೇಕು. ಇಳಿವಯಸ್ಸಿನಲ್ಲಿ ದುಃಖ ಮೈಯಲ್ಲಿ ಕಾಣಿಸಿಕೊಳ್ಳುವುದು ಜಾಸ್ತಿ. ಊಟ ಬಿಡುವುದು, ತೂಕ ಇಳಿಯುವುದು, ಬಿಪಿ ಮಾತ್ರೆ ಮರೆಯುವುದು, ಮೈಕೈ ನೋವು. ಎದೆನೋವು, ಉಸಿರಾಟದ ತೊಂದರೆ ಬಂದರೆ 'ದುಃಖಕ್ಕೆ ಹೀಗಾಗುತ್ತದೆ' ಎಂದು ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ತೀವ್ರ ಆಘಾತದಿಂದ ಹೃದಯದ ಸ್ನಾಯು ದಿಢೀರನೆ ದುರ್ಬಲವಾಗುವ ಒಂದು ಸ್ಥಿತಿಯೇ ಇದೆ. ಟಾಕೋಟ್ಸುಬೊ ಎಂದು ಅದರ ಹೆಸರು, ಮೊದಲು ವಿವರಿಸಿದ್ದು ಜಪಾನಿನ ವೈದ್ಯರು, 1990ರ ಹೊತ್ತಿಗೆ. ಐವತ್ತು ದಾಟಿದ ಹೆಂಗಸರಲ್ಲಿ ಹೆಚ್ಚು. ಲಕ್ಷಣ ಹೃದಯಾಘಾತದಂತೆಯೇ ಇರುತ್ತದೆ, ಮನೆಯಲ್ಲಿ ಕೂತು ವ್ಯತ್ಯಾಸ ಹೇಳಲು ಆಗುವುದಿಲ್ಲ.

ಇನ್ನು ತಿಂಗಳುಗಳು ಕಳೆದರೂ ಹಂಬಲ ಒಂಚೂರೂ ಸಡಿಲವಾಗದೆ, ದಿನದ ಕೆಲಸವೇ ನಡೆಯದಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ದೀರ್ಘಕಾಲದ ದುಃಖವನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿಯಲ್ಲಿ ಸೇರಿಸಿದ್ದಾರೆ. ಅದರಲ್ಲಿ ಕನಿಷ್ಠ 6 ತಿಂಗಳ ಗಡಿ ಇದೆ. ಅಮೆರಿಕದ ಮನೋವೈದ್ಯರ ಕೈಪಿಡಿಯ 2022ರ ಪರಿಷ್ಕರಣೆಯಲ್ಲಿ ದೊಡ್ಡವರಿಗೆ 12 ತಿಂಗಳು. ಆದರೆ 'ಬದುಕುವುದೇ ಬೇಡ' ಎಂಬ ಮಾತು ತಾತನಿಂದಲೋ ನಿಮ್ಮಿಂದಲೋ ಬಂದರೆ ಯಾವ ಗಡಿಯೂ ಇಲ್ಲ, ಅವತ್ತೇ ವೈದ್ಯರನ್ನು ನೋಡಿ. 'ಅವನ ಬದಲು ನಾನು' ಎಂಬುದು ಮಕ್ಕಳನ್ನು ಕಳೆದುಕೊಂಡವರಲ್ಲಿ ಸಾಮಾನ್ಯ. ಅದು 'ನಾನೂ ಹೋಗ್ತೀನಿ' ಎಂದು ತಿರುಗಿದರೆ ಸುಮ್ಮನಿರಬೇಡಿ. ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಎರಡನೇ ದಿಕ್ಕು

ನನ್ನ ಪ್ರಶ್ನೆ ಹಾಗೇ ಉಳಿಯಿತು. ನಿಮ್ಮ ಕೆಲಸದ ಕಥೆ ಏನು?

ನೀಲಿ ಶಾಯಿ

ಬೇರೆ ಊರಲ್ಲಿ ಕೆಲಸ ಸಿಕ್ಕಿತ್ತು. ಸೇರುವ ದಿನ ಮುಂದಕ್ಕೆ ಹಾಕಿಸಿಕೊಂಡಿದ್ದೇನೆ. ತಾತನಿಗೆ ಹೇಳಿರಲಿಲ್ಲ. ನಿಮ್ಮ ಅಕ್ಕನ ಬಗ್ಗೆ ಓದಿದ ಮೇಲೆ ಹೇಳಿದೆ. ಅವರಿಗೆ ಕೋಪ ಬಂತು, ನಿಜವಾದ ಕೋಪ. 'ನನ್ನನ್ನ ಕೇಳದೆ ನನಗೋಸ್ಕರ ಏನೂ ಬಿಡಬೇಡ' ಎಂದರು. ಈಗ ಇಬ್ಬರೂ ಸೇರಿ ಯೋಚಿಸುತ್ತಿದ್ದೇವೆ. ಅವರು ನನ್ನ ಜೊತೆ ಬರುವುದಾ, ಇಲ್ಲೇ ಯಾರಾದರೂ ದಿನಾ ಬಂದು ಹೋಗುವ ವ್ಯವಸ್ಥೆ ಮಾಡುವುದಾ, ನಾನು ಕೆಲವು ದಿನ ಮನೆಯಿಂದಲೇ ಕೆಲಸ ಮಾಡಲು ಕೇಳುವುದಾ, ಇನ್ನೂ ತೀರ್ಮಾನವಾಗಿಲ್ಲ. ತಾತ ಒಂದು ಹಾಳೆಯಲ್ಲಿ ಖರ್ಚಿನ ಲೆಕ್ಕ ಹಾಕುತ್ತಿದ್ದಾರೆ. ಪ್ರತಿ ಸಾಲಿಗೂ ನನ್ನನ್ನು ಕೇಳುತ್ತಾರೆ.

ಒಂದು ಭಯ ಮಾತ್ರ ಹೋಗಿಲ್ಲ. ಈಗಷ್ಟೇ ಹತ್ತಿರವಾದ ತಾತನೂ ಒಂದು ದಿನ ಹೋಗುತ್ತಾರಲ್ಲ. ರಾತ್ರಿ ಎದ್ದು ಅವರ ಉಸಿರು ನೋಡಿ ಬರುತ್ತೇನೆ.

ಹಿರಿಯಕ್ಕ

ನನ್ನ ಮೊಮ್ಮಗನೂ ನೋಡುತ್ತಾನೆ. ನಾನು ಎಚ್ಚರವಾಗಿದ್ದರೂ ಕಣ್ಣು ಮುಚ್ಚಿಕೊಂಡಿರುತ್ತೇನೆ, ಪಾಪ ಮುಜುಗರವಾಗಬಾರದು ಎಂದು.

ಹೌದು, ನಾವು ಹೋಗುತ್ತೇವೆ. ಇಲ್ಲ ಎಂದು ನಿನಗೆ ಸುಳ್ಳು ಹೇಳುವುದಿಲ್ಲ. ಅದರ ಬಗ್ಗೆಯೂ ತಾತನ ಹತ್ತಿರ ಮಾತಾಡು. ಅವರಿಗೆ ಏನು ಬೇಕು, ಏನು ಬೇಡ, ಹುಷಾರು ತಪ್ಪಿದರೆ ಯಾರಿಗೆ ಹೇಳಬೇಕು, ಎಲ್ಲ ಕೇಳಿಕೋ. ನಮಗೆ ಆ ಮಾತು ಭಯವಲ್ಲ. ಯಾರೂ ಕೇಳದೇ ಇದ್ದರೆ ಭಯ.

ಮುಂಗಾರು

ಐದು ಹಂತದ ಬಗ್ಗೆ ಹೊಸ್ತಿಲು ಅವರು ಬರೆದದ್ದು ನನಗೆ ಹೊಸದು. ನಮ್ಮ ಮನೆಯ ವಿಷಯವನ್ನೂ ಕೇಳಲೇ? ತಮ್ಮ ಹೋಗಿ ಒಂದು ವರ್ಷದ ಮೇಲಾಯಿತು. ಅಜ್ಜಿ ಅವನ ಕೋಣೆಯಲ್ಲೇ ಮಲಗುತ್ತಾರೆ, ಒಂದು ವಸ್ತುವನ್ನೂ ಅಲ್ಲಾಡಿಸಲು ಬಿಡುವುದಿಲ್ಲ. ಅಪ್ಪ ಅಮ್ಮ ಕೋಣೆ ಖಾಲಿ ಮಾಡೋಣ ಅನ್ನುತ್ತಿದ್ದಾರೆ. ನನಗೆ ಇಬ್ಬರ ಮಾತೂ ಸರಿ ಅನ್ನಿಸುತ್ತದೆ.

ಹೊಸ್ತಿಲು

ಅಜ್ಜಿ ಊಟ ಮಾಡುತ್ತಾರಾ, ಹಗಲು ಆ ಕೋಣೆಯಿಂದ ಹೊರಗೆ ಬರುತ್ತಾರಾ, ನಿಮ್ಮ ಜೊತೆ ಮಾತಾಡುತ್ತಾರಾ? ಹೌದಾದರೆ ಅವಸರ ಬೇಡ. ಇಲ್ಲವಾದರೆ ಕೋಣೆಯ ವಿಷಯ ಬಿಟ್ಟು ಮೊದಲು ಅವರನ್ನು ವೈದ್ಯರಿಗೆ ತೋರಿಸಿ. ಯಾವುದೇ ಆದರೂ ಅವರು ಹೊರಗೆ ಹೋದಾಗ ಕೋಣೆ ಖಾಲಿ ಮಾಡಬೇಡಿ. ಆ ನೋವು ಸುಲಭಕ್ಕೆ ಹೋಗುವುದಿಲ್ಲ.

ನೀಲಿ ಶಾಯಿ

ಮುಂಗಾರು ಅವರೇ, ನಿಮ್ಮ ತಮ್ಮನ ವಿಷಯ ಗೊತ್ತೇ ಇರಲಿಲ್ಲ. ನನ್ನ ಪ್ರಶ್ನೆಗೆ ಮೊದಲಿಗೇ ಬಂದು ಬರೆದವರಲ್ಲಿ ನೀವೂ ಒಬ್ಬರು.

ನಾವು ಅಪ್ಪನ ಕಪಾಟಿಗೆ ಮಾಡಿದ್ದು ಹೀಗೆ. ಖಾಲಿ ಮಾಡುವ ಮಾತೇ ಎತ್ತಲಿಲ್ಲ. 'ಇದರಲ್ಲಿ ಯಾವುದನ್ನ ಖಂಡಿತ ಇಟ್ಕೊಳ್ಳೋಣ, ತಾತ?' ಎಂದು ಕೇಳಿದೆ. ಇಟ್ಟುಕೊಳ್ಳುವುದನ್ನು ಅವರು ಆರಿಸಿ ಪಕ್ಕಕ್ಕಿಟ್ಟರು. ಅಂಗಿ ಒಂದೊಂದನ್ನೇ ಎತ್ತಿ ಯಾವಾಗ ತಂದದ್ದು ಎಂದು ಹೇಳಿದರು. ಉಳಿದವು ಇನ್ನೂ ಅಲ್ಲೇ ಇವೆ, ಇರಲಿ.

ನಿಮ್ಮ ಅಜ್ಜಿಯ ಜೊತೆ ಒಂದು ರಾತ್ರಿ ಅದೇ ಕೋಣೆಯಲ್ಲಿ ನೀವೂ ಮಲಗಿ ನೋಡಿ. ಏನನ್ನೂ ಮುಟ್ಟಬೇಡಿ. ನಾಳೆ ಬಂದು ಹೇಗಾಯಿತು ಎಂದು ಬರೆಯಿರಿ, ನಾವೆಲ್ಲ ಇಲ್ಲೇ ಇರುತ್ತೇವೆ.